ಎಂಜಿನ್ ನಿಂತರೂ ವಿಮಾನ ತೇಲೀತೇ?

ಮಕ್ಕಳೇ, ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ ವಿಮಾನ ಹಾರಾಟ ತರಬೇತಿ ಶಾಲೆಯಿದೆ. ಇಂಥ ಶಾಲೆಗಳಲ್ಲಿ ಕಲಿಯಲು ಬಳಸುವ ಪುಟ್ಟ ಸೆಸ್ನಾ 172 ವಿಮಾನಕ್ಕೆ ಒಂದೇ ಎಂಜಿನ್. ಬಾಪೂಜಿ ನಗರದ ಮೇಲೆ, ನೆಲದಿಂದ 1 ಕಿ.ಮೀ. ಎತ್ತರದಲ್ಲಿ ಅದು ನಿಂತುಹೋಯಿತೆನ್ನಿ. ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ಮೂತಿ ತುಸು ತಗ್ಗಿಸಿದರೆ ರೆಕ್ಕೆಗಳು ಅದನ್ನು ತೇಲಿಸುತ್ತವೆ.

ಮೂತಿ ಎತ್ತಿದರೆ ಇನ್ನೂ ದೂರ ಹೋಗಬಹುದಲ್ಲ ಎನ್ನುವಿರಾ? ಇಲ್ಲ! ವೇಗ ಕುಗ್ಗಿ, ರೆಕ್ಕೆಗಳು ಎತ್ತುವ ಬಲವನ್ನೇ ಕಳೆದುಕೊಳ್ಳುತ್ತವೆ. ತೀರಾ ತಗ್ಗಿಸಿದರೆ ವೇಗ ಏರಿ ಗಾಳಿಯ ತಡೆ ಹೆಚ್ಚುತ್ತದೆ. ಗಂಟೆಗೆ ಸುಮಾರು 120 ಕಿ.ಮೀ. ವೇಗವೇ ಸರಿ. ಗಾಳಿ ಬೀಸದಿದ್ದರೆ, ಆಗ ಅದು ಸುಮಾರು 9 ಕಿ.ಮೀ. ಸಾಗೀತು. ಜಕ್ಕೂರು 14 ಕಿ.ಮೀ.ಗೂ ದೂರ! ಪೈಲಟ್ ಅತ್ತ ತಿರುಗದೆ, ಹತ್ತಿರದ ಬಯಲನ್ನೇ ಹುಡುಕಬೇಕು.