ಗೃಹ ಜಾಲದ ಸಾಧನಗಳಿಗೆ ಡೊಮೇನ್ ಹೆಸರಿನ ಸ್ವಯಂಚಾಲಿತ ನೋಂದಣಿ: ಸಾರ್ವಜನಿಕರ ಮಾಹಿತಿಗಾಗಿ

ಮನೆಯಿಂದಲೇ ಆನ್‌ಲೈನ್ ಅರ್ಜಿ ಸಲ್ಲಿಸುವ ನಾಗರಿಕರು ಗಣಕಯಂತ್ರ, ಮೊಬೈಲ್, ಪ್ರಿಂಟರ್ ಹಾಗೂ ಸ್ಕ್ಯಾನರ್‌ಗಳನ್ನು ಒಂದೇ ವೈ-ಫೈ ರೂಟರ್‌ಗೆ ಸಂಪರ್ಕಿಸಿ ಬಳಸುವುದು ಸಾಮಾನ್ಯವಾಗಿದೆ. ಸದರಿ ಸಾಧನಗಳು ಪರಸ್ಪರ ಗುರುತಿಸಿಕೊಳ್ಳಲು ತಮ್ಮ ಹೆಸರುಗಳನ್ನು ತಾವಾಗಿಯೇ ನೋಂದಾಯಿಸಿಕೊಳ್ಳುತ್ತವೆ. ಈ ನೋಂದಣಿಯ ವಿಧಾನ ಹಾಗೂ ಮಿತಿಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ಹೆಸರಿನ ಅಗತ್ಯ

ಜಾಲಕ್ಕೆ ಸೇರುವ ಪ್ರತಿಯೊಂದು ಸಾಧನಕ್ಕೂ ರೂಟರ್ ಒಂದು ಐಪಿ ವಿಳಾಸವನ್ನು (ಉದಾ: 192.168.1.23) ನಿಗದಿತ ಅವಧಿಗೆ ನೀಡುತ್ತದೆ. ಈ ವ್ಯವಸ್ಥೆಗೆ ಡಿಎಚ್‌ಸಿಪಿ ಎಂದು ಹೆಸರು. ಅವಧಿ ಮುಗಿದಾಗ ಅಥವಾ ರೂಟರ್ ಬದಲಾಯಿಸಿದಾಗ ವಿಳಾಸವೂ ಬದಲಾಗಬಹುದು. ನಿನ್ನೆ ಮುದ್ರಿಸಿದ ಪ್ರಿಂಟರ್ ಇಂದು ‘ಸಂಪರ್ಕದಲ್ಲಿಲ್ಲ’ ಎಂದು ತೋರಿಸಲು ಇದೂ ಒಂದು ಕಾರಣವಾಗಿರುತ್ತದೆ. ಸಾಧನವನ್ನು ಹೆಸರಿನಿಂದ ಗುರುತಿಸಿದಲ್ಲಿ ಈ ತೊಂದರೆ ತಪ್ಪುತ್ತದೆ.

2. ನೋಂದಣಿಯ ವಿಧಾನಗಳು

(ಅ) ರೂಟರ್ ಮೂಲಕ: ಸಾಧನವು ವಿಳಾಸ ಕೋರುವಾಗ ತನ್ನ ಹೆಸರನ್ನೂ ತಿಳಿಸುತ್ತದೆ. ಅನೇಕ ರೂಟರ್‌ಗಳು ಆ ಹೆಸರು ಮತ್ತು ವಿಳಾಸವನ್ನು ತಮ್ಮ ಪಟ್ಟಿಯಲ್ಲಿ ದಾಖಲಿಸಿಕೊಂಡು, ಮನೆಯ ಇತರ ಸಾಧನಗಳು ವಿಚಾರಿಸಿದಾಗ ಉತ್ತರಿಸುತ್ತವೆ. ಇಂತಹ ಹೆಸರುಗಳ ಕೊನೆಯಲ್ಲಿ ಬಳಸಲು ‘ಹೋಮ್ ಡಾಟ್ ಅರ್ಪಾ’ ಎಂಬುದನ್ನು 2018ರಲ್ಲಿ ಗೃಹ ಜಾಲಗಳಿಗೆಂದೇ ಮೀಸಲಿಡಲಾಗಿದೆ.

(ಆ) ಸಾಧನಗಳ ನಡುವೆಯೇ: 2013ರಲ್ಲಿ ಮಾನಕವಾಗಿ ಪ್ರಕಟವಾದ ಮಲ್ಟಿಕಾಸ್ಟ್ ಡಿಎನ್‌ಎಸ್ ವಿಧಾನದಲ್ಲಿ ಹೆಸರಿನ ಪಟ್ಟಿ ಇಡುವ ಪ್ರತ್ಯೇಕ ಯಂತ್ರ ಬೇಕಿಲ್ಲ. ಹೊಸ ಪ್ರಿಂಟರ್ ತಾನು ಬಯಸಿದ ಹೆಸರನ್ನು ಬೇರೆ ಯಾರಾದರೂ ಹೊಂದಿರುವರೇ ಎಂದು ಇಡೀ ಜಾಲವನ್ನು 3 ಬಾರಿ ವಿಚಾರಿಸುತ್ತದೆ. ಆಕ್ಷೇಪಣೆ ಬಾರದಿದ್ದಲ್ಲಿ ‘ಡಾಟ್ ಲೋಕಲ್’ ಎಂದು ಕೊನೆಗೊಳ್ಳುವ ಆ ಹೆಸರನ್ನು ಪಡೆದು ಪ್ರಕಟಿಸುತ್ತದೆ. ಹೆಸರು ಈಗಾಗಲೇ ಬಳಕೆಯಲ್ಲಿದ್ದಲ್ಲಿ ಸಾಮಾನ್ಯವಾಗಿ 2 ಎಂಬಂತಹ ಅಂಕಿಯನ್ನು ಸೇರಿಸಿಕೊಳ್ಳುತ್ತದೆ.

(ಇ) ಹೊರಗಿನಿಂದ ತಲುಪಲು: ಡೈನಾಮಿಕ್ ಡಿಎನ್‌ಎಸ್ ಸೇವೆಯಲ್ಲಿ ಮನೆಯ ಅಂತರ್ಜಾಲ ವಿಳಾಸ ಬದಲಾದಾಗಲೆಲ್ಲ ರೂಟರ್ ಅದನ್ನು ಸೇವಾದಾರರಲ್ಲಿ ತಿದ್ದುಪಡಿ ಮಾಡಿಸುತ್ತದೆ. ಈ ಹೆಸರು ಮಾತ್ರ ಇಡೀ ಅಂತರ್ಜಾಲಕ್ಕೆ ಕಾಣುವಂಥದ್ದಾಗಿರುತ್ತದೆ.

3. ಸಾರ್ವಜನಿಕ ಡೊಮೇನ್‌ಗೂ ಇದಕ್ಕೂ ಇರುವ ವ್ಯತ್ಯಾಸ

‘ಡಾಟ್ ಇನ್’ ಅಥವಾ ಕನ್ನಡ ಲಿಪಿಯ ‘.ಭಾರತ’ ಹೆಸರನ್ನು ಅಧಿಕೃತ ನೋಂದಣಿ ಸಂಸ್ಥೆಯ ಮೂಲಕ ಪಡೆಯಬೇಕಾಗುತ್ತದೆ. ಅದಕ್ಕೆ ಅವಧಿ ಹಾಗೂ ನವೀಕರಣ ಇರುತ್ತದೆ. (ಅ) ಮತ್ತು (ಆ) ವಿಧಾನದ ಹೆಸರುಗಳಿಗೆ ಅರ್ಜಿ, ಶುಲ್ಕ, ಪ್ರಮಾಣಪತ್ರ ಯಾವುದೂ ಇಲ್ಲ. ಅವು ಮನೆಯೊಳಗೆ ಮಾತ್ರ ಚಲಾವಣೆಯಲ್ಲಿರುತ್ತವೆ. ‘ಡಾಟ್ ಲೋಕಲ್’ ಹೆಸರಿಗೆ ಮಾಲೀಕರೇ ಇಲ್ಲದ ಕಾರಣ ಅದಕ್ಕೆ ಸಾರ್ವಜನಿಕ ಭದ್ರತಾ ಪ್ರಮಾಣಪತ್ರ ದೊರೆಯುವುದಿಲ್ಲ. ಪ್ರಿಂಟರ್‌ನ ಪುಟ ತೆರೆದಾಗ ಬ್ರೌಸರ್ ‘ಸುರಕ್ಷಿತವಲ್ಲ’ ಎಂದು ಎಚ್ಚರಿಸುವುದುಂಟು.

4. ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

• ಹೆಸರು ಗುರುತಿನ ಪುರಾವೆಯಲ್ಲ. ಒಂದೇ ವೈ-ಫೈನಲ್ಲಿರುವ ಯಾವ ಸಾಧನವಾದರೂ ನಿಮ್ಮ ಪ್ರಿಂಟರ್‌ನ ಹೆಸರನ್ನೇ ಹೇಳಿಕೊಳ್ಳಬಹುದು. ಗುರುತಿನ ಚೀಟಿ, ಆದಾಯ ದೃಢೀಕರಣ ಮುಂತಾದ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಮನೆಗಳಲ್ಲಿ ಅತಿಥಿಗಳಿಗೆ ಪ್ರತ್ಯೇಕ ವೈ-ಫೈ ನೀಡುವುದು ಸೂಕ್ತ.

• ಮೊಬೈಲ್, ಲ್ಯಾಪ್‌ಟಾಪ್‌ಗಳು ತಮ್ಮ ಹೆಸರನ್ನು ಹೋದೆಡೆಯಲ್ಲೆಲ್ಲ ಪ್ರಕಟಿಸಬಹುದು. ಆದ್ದರಿಂದ ಸಾಧನದ ಹೆಸರಿನಲ್ಲಿ ವ್ಯಕ್ತಿಯ ಹೆಸರು, ಮನೆ ಸಂಖ್ಯೆ ಅಥವಾ ದೂರವಾಣಿ ಸಂಖ್ಯೆಯನ್ನು ಸೇರಿಸಬಾರದು.

• ಮನಸ್ಸಿಗೆ ತೋಚಿದ ಕೊನೆಪದವನ್ನು ಬಳಸಬಾರದು. ಮುಂದೆ ಅದು ಅಂತರ್ಜಾಲದಲ್ಲಿ ನಿಜವಾದ ಡೊಮೇನ್ ಆಗಬಹುದು. ಜರ್ಮನಿಯ ರೂಟರ್ ತಯಾರಕರೊಬ್ಬರು ತಮ್ಮ ಸಾಧನಗಳಲ್ಲಿ ಬಳಸುತ್ತಿದ್ದ ‘ಡಾಟ್ ಬಾಕ್ಸ್’ ಹೆಸರನ್ನು 2024ರಲ್ಲಿ ಅನ್ಯರು ಅಂತರ್ಜಾಲದಲ್ಲಿ ನೋಂದಾಯಿಸಿಕೊಂಡ ನಿದರ್ಶನವಿದೆ.

• ಡೈನಾಮಿಕ್ ಡಿಎನ್‌ಎಸ್ ಅಗತ್ಯವಿಲ್ಲದಿದ್ದಲ್ಲಿ ರೂಟರ್‌ನಲ್ಲಿ ಅದನ್ನು ನಿಷ್ಕ್ರಿಯಗೊಳಿಸಬೇಕು. ಬಳಸುವುದಾದಲ್ಲಿ ರೂಟರ್ ಹಾಗೂ ಕ್ಯಾಮೆರಾಗಳ ಮೂಲ ಪಾಸ್‌ವರ್ಡ್‌ಗಳನ್ನು ಕಡ್ಡಾಯವಾಗಿ ಬದಲಾಯಿಸಬೇಕು.

ಮನೆಯೊಳಗಿನ ಸಾಧನಗಳ ಹೆಸರಿನ ನೋಂದಣಿಗೆಂದು ಯಾರಾದರೂ ದೂರವಾಣಿ ಮೂಲಕ ಶುಲ್ಕ ಅಥವಾ ಒಟಿಪಿ ಕೇಳಿದಲ್ಲಿ, ಅಂತಹ ಶುಲ್ಕವೇ ಇಲ್ಲವೆಂಬುದನ್ನು ಮನಗಂಡು ಯಾವುದೇ ವಿವರವನ್ನು ನೀಡಬಾರದೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.