ಎಡದಂಡೆ ನಾಲೆಯ ಗಾಳಗಾರರು

ಮುನಿರಾಬಾದಿನಲ್ಲಿ ತುಂಗಭದ್ರಾ ಎಡದಂಡೆ ನಾಲೆಗೆ ನೀರು ಬಿಟ್ಟರೆಂಬ ಸುದ್ದಿ ಬಂದರೆ ಸಿಂಧನೂರು ಸೀಮೆಯಲ್ಲಿ ಎರಡು ಬಗೆಯ ಜನ ಚುರುಕಾಗುತ್ತಾರೆ. ಒಬ್ಬರು ಭತ್ತದ ಸಸಿಮಡಿಗೆ ಹೊಲ ಹದ ಮಾಡುವವರು. ಇನ್ನೊಬ್ಬರು ಸೂರಿನಡಿ ಸಿಕ್ಕಿಸಿಟ್ಟ ಬಿದಿರುಕೋಲನ್ನು ಇಳಿಸಿ, ಹೋದ ವರ್ಷದ ದಾರ ಇನ್ನೂ ಗಟ್ಟಿಯಿದೆಯೇ ಎಂದು ಜಗ್ಗಿ ನೋಡುವವರು. ಈ ಎರಡನೆಯವರನ್ನು ಕಾಣಬೇಕೆಂದರೆ ಆರ್.ಎಚ್. ಕ್ಯಾಂಪುಗಳ ಕಡೆ ಹೋಗಬೇಕು.

ತುಂಗಭದ್ರೆಯ ನೀರಾವರಿ ಸೀಮೆಯಲ್ಲಿ ಕ್ಯಾಂಪುಗಳಿಗೆ ಲೆಕ್ಕವಿಲ್ಲ. ಹೆಚ್ಚಿನವು ಕರಾವಳಿ ಆಂಧ್ರದಿಂದ ಬಂದು ಜಮೀನು ಕೊಂಡು ಭತ್ತ ಬೆಳೆದವರ ಊರುಗಳು. ಆರ್.ಎಚ್. ಕ್ಯಾಂಪುಗಳ ಕತೆ ಬೇರೆ. ಇವು ಸರ್ಕಾರವೇ ಕಟ್ಟಿದ ಪುನರ್ವಸತಿ ಕ್ಯಾಂಪುಗಳು. ಪೂರ್ವ ಪಾಕಿಸ್ತಾನದಲ್ಲಿ ಮನೆಮಠ ಕಳೆದುಕೊಂಡು ಬಂದ ಬಂಗಾಳಿ ಹಿಂದೂ ಕುಟುಂಬಗಳಿಗೆ, ಜೊತೆಗೆ ಬರ್ಮಾದಿಂದ ಮರಳಿದ ಕೆಲವರಿಗೆ, 1970ರ ಆಸುಪಾಸಿನಲ್ಲಿ ಇಲ್ಲಿ ಜಮೀನು ಕೊಟ್ಟು ನೆಲೆ ಮಾಡಿಸಿದರು. ಒಂದನೆಯ ಕ್ಯಾಂಪು, ಎರಡನೆಯ ಕ್ಯಾಂಪು ಎಂದು ನಂಬರಿನಿಂದಲೇ ಊರುಗಳನ್ನು ಕರೆಯುವುದು ಇಂದಿಗೂ ರೂಢಿ. ಬಂಗಾಳಿಗಳಲ್ಲಿ ನಾಮಶೂದ್ರ ಸಮುದಾಯದವರೇ ಹೆಚ್ಚು. ಖುಲ್ನಾ, ಬಾರಿಸಾಲ್, ಫರೀದ್‌ಪುರದ ಕಡೆ ಬಹುಕಾಲದಿಂದ ನೆಲೆಸಿದ್ದ ಸಮುದಾಯ ಅದು. ಆ ಸೀಮೆಯಲ್ಲಿ ಮನೆಯಿಂದ ಹೊಲಕ್ಕೆ ಹೋಗಲೂ ಮಳೆಗಾಲದಲ್ಲಿ ದೋಣಿ ಬೇಕು. ಅಂಥ ನೀರಿನ ನಾಡಿನವರು ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಎರೆಭೂಮಿಗೆ ಬಂದಿಳಿದರು.

ಅವರನ್ನು ಉಳಿಸಿದ್ದು ನಾಲೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿಯಿತು. ಅದರ ಎಡದಂಡೆ ಮುಖ್ಯ ನಾಲೆ 227 ಕಿಲೋಮೀಟರ್ ಉದ್ದ ಹರಿಯುತ್ತದೆ, ಅದರಿಂದ ಹೊರಟ ಉಪಕಾಲುವೆಗಳು ಸಿಂಧನೂರು ತಾಲ್ಲೂಕನ್ನೆಲ್ಲ ಹಾಯ್ದು ಹೋಗುತ್ತವೆ. ನೀರು ಬಂದಲ್ಲಿಗೆ ಮೀನೂ ಬಂತು. ಮೀನು ಬಂದ ಮೇಲೆ, ಅಲ್ಲಿಯ ಹೊಳೆಗಳ ದಂಡೆಯಲ್ಲಿ ಕಲಿತ ವಿದ್ಯೆ ಇಲ್ಲಿಯ ನಾಲೆಯ ದಂಡೆಗೆ ಬರದೆ ಇರುತ್ತದೆಯೇ?

ಕ್ಯಾಂಪಿನ ಹಿರಿಯರೊಬ್ಬರು ಗಾಳ ಕಟ್ಟುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಅವರ ಬೆಂಡು ಅಂಗಡಿಯ ಪ್ಲಾಸ್ಟಿಕ್ಕಿನದಲ್ಲ, ಹೊಲದಲ್ಲಿ ಉದುರಿ ಸಿಕ್ಕ ನವಿಲುಗರಿಯ ದಂಟು. ಬಂಗಾಳಿಯಲ್ಲಿ ಅದು ಫಾತ್ನಾ. ಗರಿಯ ಎಳೆಗಳನ್ನೆಲ್ಲ ಬ್ಲೇಡಿನಿಂದ ಹೆರೆದು, ದಂಟನ್ನು ಗೇಣಿಗಿಂತ ಕಡಿಮೆ ಉದ್ದಕ್ಕೆ ಕತ್ತರಿಸಿ, ಒಂದು ತುದಿಗೆ ನೂಲು ಸುತ್ತಿ ದಾರಕ್ಕೆ ಕಟ್ಟುತ್ತಾರೆ. ಗಂಟನ್ನು ಮೇಲೆ ಕೆಳಗೆ ಸರಿಸಿದಂತೆ ಕೊಕ್ಕೆ ನಿಲ್ಲುವ ಆಳ ಬದಲಾಗುತ್ತದೆ. ಕೊಕ್ಕೆಗಿಂತ ನಾಲ್ಕು ಬೆರಳು ಮೇಲೆ ಸೀಸದ ಸಣ್ಣ ತುಣುಕನ್ನು ಹಲ್ಲಿನಿಂದ ಕಚ್ಚಿ ಕೂರಿಸುತ್ತಾರೆ. ಬಳಿಕ ನೀರಿಗೆ ಬಿಟ್ಟು ನೋಡುವುದು, ಸೀಸ ಕಿತ್ತು ಕೆರೆಯುವುದು, ಮತ್ತೆ ಬಿಡುವುದು. ದಂಟು ನೆಟ್ಟಗೆ ನಿಂತು ಉಗುರಿನಷ್ಟು ತುದಿ ಮಾತ್ರ ನೀರಿನ ಮೇಲೆ ಉಳಿಯುವವರೆಗೆ ಅವರಿಗೆ ಸಮಾಧಾನವಿಲ್ಲ. ಇಷ್ಟೇಕೆ ತಾಪತ್ರಯ ಎಂದು ಕೇಳಿದೆ. “ಹೆಚ್ಚಿಗಿ ಕಂಡ್ರ ಮೀನಕ್ಕ ಗೊತ್ತಾಗ್ತೈತಿ ಸರ, ಕಮ್ಮಿ ಕಂಡ್ರ ನಮಗ ಗೊತ್ತಾಗಂಗಿಲ್ಲ” ಎಂದರು. ಸಿಂಧನೂರಿನ ಕನ್ನಡ ಅವರಿಗೆ ನಮ್ಮಷ್ಟೇ ಸಲೀಸು.

ಆ ತುದಿಯಲ್ಲೇ ಎಲ್ಲವೂ ಇದೆ. ಪುಂಟಿಯಂಥ ಬೊಟ್ಟುದ್ದದ ಮೀನು ಕುಕ್ಕಿದರೆ ತುದಿ ಟಿಕ್ ಟಿಕ್ಕೆಂದು ನಡುಗುತ್ತದೆ, ಆಗ ಕೋಲೆತ್ತಬಾರದು. ರೋಹು ಬಾಯಿ ಹಾಕಿದರೆ ಮೊದಲು ಸಣ್ಣಗೆ ಅಲುಗಿ, ಆಮೇಲೆ ಓರೆಯಾಗಿ ಸರಿಯುತ್ತದೆ. ತಳದಲ್ಲಿ ಮೇಯುವ ಮೃಗಾಲ್ ಕೆಸರು ಕೆದಕುವಾಗ ಮೇಲೆ ಸಣ್ಣ ಗುಳ್ಳೆಗಳ ಸಾಲೇಳುತ್ತದೆ. ಕಾಟ್ಲಾ ಮೀನಿನ ಬಾಯಿ ಮೇಲ್ಮುಖ, ಅದು ಮೇಯುವುದು ಮೇಲಿನ ನೀರಿನಲ್ಲಿ. ಹಾಗಾಗಿ ಅದಕ್ಕೆ ಕೊಕ್ಕೆಯನ್ನು ಆಳಕ್ಕೆ ಬಿಟ್ಟು ಪ್ರಯೋಜನವಿಲ್ಲ. ಯಾವ ಮೀನು ಯಾವ ಮಟ್ಟದಲ್ಲಿದೆ ಎಂದು ತಿಳಿಯದವನು ದಿನವಿಡೀ ಕೂತರೂ ಬರಿಗೈ. ಮೀನನ್ನು ಒಂದೆಡೆ ಸೇರಿಸಲು ಮೊದಲೇ ನೀರಿಗೆ ಎರಚುವ ಮೇವಿಗೆ ಅವರು ಚಾರ್ ಎನ್ನುತ್ತಾರೆ. ಬಂಗಾಳದಲ್ಲಿ ಅದಕ್ಕೆ ಸಾಸಿವೆ ಹಿಂಡಿ, ಮೆಂತ್ಯ, ವಾಸನೆಯ ಬೇರುಗಳು ಬೀಳುತ್ತವೆ. ಇಲ್ಲಿ ಸುಲಭಕ್ಕೆ ಸಿಗುವುದು ತೌಡು, ಶೇಂಗಾ ಹಿಂಡಿ.

ಇದನ್ನೆಲ್ಲ ನೋಡುತ್ತ ನನಗೆ ಡ್ರೈ ಫ್ಲೈ ಎಂಬ ಬೇಟೆಯ ನೆನಪಾಯಿತು. ತಂಪು ದೇಶಗಳ ಸಣ್ಣ ಹೊಳೆಗಳಲ್ಲಿ ಟ್ರೌಟ್ ಹಿಡಿಯುವವರು ಇದನ್ನು ಗಾಳದ ಕಲೆಯಲ್ಲೇ ಮೇಲ್ದರ್ಜೆಯದು ಎನ್ನುತ್ತಾರೆ. ಟ್ರೌಟಿಗೆ 20 ಡಿಗ್ರಿಗಿಂತ ತಣ್ಣಗಿನ ನೀರು ಬೇಕು, ಹಾಗಾಗಿ ನಮ್ಮ ದೇಶದಲ್ಲಿ ಅದು ಕಾಶ್ಮೀರ, ಹಿಮಾಚಲ, ನೀಲಗಿರಿ, ಮುನ್ನಾರಿನಂಥ ಕಡೆ ಮಾತ್ರ ಬದುಕುತ್ತದೆ. ಅಲ್ಲಿಗೂ ಅದು ಬ್ರಿಟಿಷರ ಕಾಲದಲ್ಲಿ ಹೊರಗಿನಿಂದ ತಂದು ಬಿಟ್ಟ ಮೀನು. ಈ ಬೇಟೆಯಲ್ಲಿ ಎರೆಹುಳುವಿಲ್ಲ, ಹಿಟ್ಟಿನ ಉಂಡೆಯಿಲ್ಲ. ಕೊಕ್ಕೆಗೆ ಹುಂಜದ ಕುತ್ತಿಗೆಯ ಗರಿ ಸುತ್ತಿ, ನೀರಿನ ಮೇಲೆ ತೇಲುವ ನೊಣದ ರೂಪ ಕೊಡುತ್ತಾರೆ. ಟ್ರೌಟ್ ಎಲ್ಲಿ ಮೇಲೆದ್ದು ನೊಣ ನುಂಗುತ್ತಿದೆ ಎಂದು ನೋಡಿ, ಅದರ ಹಿಂದಿನಿಂದ ಬಂದು, ಕೃತಕ ನೊಣ ಹೊಳೆಯ ಹರಿವಿನ ವೇಗದಲ್ಲೇ ತೇಲಿ ಅದರ ಬಾಯಿಯ ಮುಂದೆ ಹೋಗುವಂತೆ ಬಿಡಬೇಕು. ದಾರ ಕೊಂಚ ಎಳೆದು ನೊಣ ಅಡ್ಡ ಸರಿಯಿತೋ, ಮೀನು ತಿರುಗಿಯೂ ನೋಡದು. ಇಂಗ್ಲೆಂಡಿನ ಟೆಸ್ಟ್ ನದಿಯ ದಂಡೆಯಲ್ಲಿ ಬೆಳೆದ ಈ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟವನು ಫ್ರೆಡರಿಕ್ ಹಾಲ್‌ಫರ್ಡ್. ಅವನ ‘ಫ್ಲೋಟಿಂಗ್ ಫ್ಲೈಸ್ ಅಂಡ್ ಹೌ ಟು ಡ್ರೆಸ್ ದೆಮ್’ ಬಂದದ್ದು 1886ರಲ್ಲಿ. ನಮಗೆ ಸಂಬಂಧಿಸಿದ ಒಂದು ಸಂಗತಿ ಇದರಲ್ಲಿದೆ: ಮುಂದೆ ದಶಕಗಳ ಕಾಲ ಇಂಗ್ಲೆಂಡ್ ಅಮೆರಿಕಗಳ ಗಾಳಗಾರರು ಈ ನೊಣ ಕಟ್ಟಲು ಬಳಸಿದ ಗರಿಗಳಲ್ಲಿ ದೊಡ್ಡ ಪಾಲು ಭಾರತದ ನಾಟಿ ಹುಂಜಗಳದು.

ಕರ್ನಾಟಕದಲ್ಲಿ ಗಾಳದ ಮಾತೆತ್ತಿದರೆ ಕಾವೇರಿಯ ಮಹಶೀರ್ ನೆನಪಾಗುತ್ತದೆ, 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನು ನೆನಪಾಗುತ್ತದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲೇ ‘ದಿ ರಾಡ್ ಇನ್ ಇಂಡಿಯಾ’ ಬರೆದ, ಕೆರೆಯ ಗಾಳಕ್ಕೆಂದೇ ಇನ್ನೊಂದು ಪುಸ್ತಕವನ್ನೂ ಬರೆದ. ಸಾಹೇಬರ ಮೀನು ಪುಸ್ತಕಕ್ಕೆ ಹೋಯಿತು. ಹೊಟ್ಟೆಗಾಗಿ, ಸಂಜೆಯ ಸಾರಿಗಾಗಿ ಗಾಳ ಹಾಕಿದವರು ಅಷ್ಟೇ ಸೂಕ್ಷ್ಮವಾಗಿ ನೀರನ್ನು ಅರಿತವರಾದರೂ ಯಾವ ಪುಸ್ತಕಕ್ಕೂ ಹೋಗಲಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

ಟ್ರೌಟ್ ಬೇಟೆಗಾರ ಕಾಯುವುದು ಹುಳುಗಳಿಗಾಗಿ. ಮೇಫ್ಲೈ ಎಂಬ ಹುಳು ಹೊಳೆಯ ತಳದಲ್ಲಿ ಮರಿಯಾಗಿ ತಿಂಗಳುಗಟ್ಟಲೆ ಬದುಕಿ, ಒಂದು ದಿನ ರೆಕ್ಕೆ ಪಡೆದು ಮೇಲೆದ್ದು, ಏನನ್ನೂ ತಿನ್ನದೆ ಕೂಡಿ ಮೊಟ್ಟೆಯಿಟ್ಟು ಗಂಟೆಗಳಲ್ಲೋ ದಿನದೊಳಗೋ ಸಾಯುತ್ತದೆ. ಅವು ಏಳುವ ಸಂಜೆ ಹೊಳೆಯ ಮೀನೆಲ್ಲ ಮೇಲೆ ಬರುತ್ತವೆ. ಸಿಂಧನೂರು ಸೀಮೆಯಲ್ಲೂ ಅಂಥ ಸಂಜೆಯಿದೆ. ಮೊದಲ ದೊಡ್ಡ ಮಳೆ ಬಿದ್ದು ನೆಲ ನೆನೆದ ಮೇಲೆ ಹುತ್ತಗಳಿಂದ ರೆಕ್ಕೆ ಬಂದ ಗೆದ್ದಲು ಹಿಂಡುಹಿಂಡಾಗಿ ಏಳುತ್ತದಲ್ಲ, ಅದರಲ್ಲಿ ಎಷ್ಟೋ ಕೆರೆಗೆ, ಹಳ್ಳದ ಮಡುವಿಗೆ ಬೀಳುತ್ತವೆ. ಬೆಳ್ಳಿಬಣ್ಣದ ಸಣ್ಣ ಮೀನುಗಳು ಚಟಪಟನೆ ಮೇಲೆದ್ದು ಅವನ್ನು ಕಸಿಯುತ್ತವೆ. ಆಗ ಗಾಳಗಾರ ಸೀಸ ಬಿಚ್ಚಿ, ಬೆಂಡು ತೆಗೆದು, ಸಣ್ಣ ಕೊಕ್ಕೆಗೆ ಒಂದು ಗೆದ್ದಲು ಸಿಕ್ಕಿಸಿ ನೀರಿನ ಮೇಲೆಯೇ ತೇಲಿಸುತ್ತಾನೆ. ಭತ್ತದ ಬದುವಿನ ಮಿಡತೆಗೂ ಇದೇ ಉಪಯೋಗ. ಗರಿಯ ನೊಣ ಹೋಗಿ ನಿಜದ ಹುಳು ಬಂತು ಎನ್ನುವುದನ್ನು ಬಿಟ್ಟರೆ ಇದು ಟೆಸ್ಟ್ ನದಿಯ ವಿದ್ಯೆಯೇ.

ಕ್ಯಾಂಪಿನವರು ಇಷ್ಟಪಟ್ಟು ತಿನ್ನುವ ರೋಹು, ಕಾಟ್ಲಾ, ಮೃಗಾಲ್ ಈ ನದಿಯ ಮೂಲದವಲ್ಲ, ಗಂಗೆಯ ಕಡೆಯವು. ಅವು ಮಳೆಗಾಲದ ತುಂಬಿದ ನದಿಯಲ್ಲಲ್ಲದೆ ನಿಂತ ಕೆರೆಯಲ್ಲಿ ಮೊಟ್ಟೆಯಿಡುವುದಿಲ್ಲ. ಹಾಗಾಗಿ ಒಂದು ಕಾಲದಲ್ಲಿ ಮರಿಗಳಿಗೆ ನದಿಯನ್ನೇ ನಂಬಬೇಕಿತ್ತು. ಸಿಲ್ಹೆಟ್ ಜಿಲ್ಲೆಯಲ್ಲಿ ಹುಟ್ಟಿದ ಬಂಗಾಳಿ ವಿಜ್ಞಾನಿ ಹೀರಾಲಾಲ್ ಚೌಧುರಿ 1957ರ ಜುಲೈ 10ರಂದು ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ಸಾರದ ಚುಚ್ಚುಮದ್ದಿನಿಂದ ಈ ಜಾತಿಯ ಮೀನುಗಳಿಗೆ ಮೊಟ್ಟೆ ಇಡಿಸಿದರು. ಆ ದಿನವನ್ನೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುತ್ತೇವೆ. ಅಲ್ಲಿಂದ ಮುಂದೆ ಮೀನುಮರಿ ದೇಶದ ಯಾವ ಕೆರೆಗೆ ಬೇಕಾದರೂ ಹೋಯಿತು, ತುಂಗಭದ್ರೆಗೂ ಬಂತು. ಊರು ಬಿಟ್ಟು ಬಂದವರ ತಟ್ಟೆಗೆ ಅವರ ಊರಿನ ಮೀನು ಬಂದದ್ದು ಹೀಗೆ. ಈಳಿಗೆಮಣೆಯಂಥ ಬೊಂಟಿಯಲ್ಲಿ ರೋಹುವನ್ನು ತುಂಡು ಮಾಡಿ, ಅರಿಸಿನ ಉಪ್ಪು ಸವರಿ, ಸಾಸಿವೆ ಎಣ್ಣೆಯಲ್ಲಿ ಹುರಿದು ತೆಳ್ಳಗೆ ಝೋಲ್ ಮಾಡುವ ವಾಸನೆ ಕ್ಯಾಂಪಿನ ಓಣಿಗಳಲ್ಲಿ ಈಗಲೂ ಇದೆ.

ಸಾಕಿದ ಮೀನಿಗೆ ಮರಿ ಸಿಗುತ್ತದೆ, ಮೇವು ಸಿಗುತ್ತದೆ. ನನ್ನ ಚಿಂತೆ ಹಳ್ಳದ, ಉಪಕಾಲುವೆಯ ಸಣ್ಣ ಮೀನುಗಳದು, ಅವು ತಿನ್ನುವ ಹುಳುಗಳದು. ವರ್ಷದಲ್ಲಿ ಕೆಲವು ತಿಂಗಳು ನಾಲೆ ಒಣಗುತ್ತದೆ, ಅದು ಮೊದಲಿನಿಂದಲೂ ಇದ್ದದ್ದೇ. ಆಗ ಮೀನು ಬದುಕುವುದು ಹಳ್ಳದ ಮಡುಗಳಲ್ಲಿ, ತೂಬಿನ ಕೆಳಗಿನ ಗುಂಡಿಗಳಲ್ಲಿ. ಹೊಲದಿಂದ ಬಸಿದ ನೀರು ಸೇರುವುದೂ ಅಲ್ಲಿಗೇ. ಕಂದು ಜಿಗಿಹುಳುವಿಗೆಂದು ಭತ್ತಕ್ಕೆ ಎಣ್ಣೆ ಹೊಡೆಯುವುದು ಈ ಸೀಮೆಯಲ್ಲಿ ಹಂಗಾಮಿಗೆ ಹಲವು ಸಲ ನಡೆಯುತ್ತದೆ. ರೈತನನ್ನು ದೂರಿ ಫಲವಿಲ್ಲ, ಸಾಲ ತಂದು ಹಾಕಿದ ಬೆಳೆ ಸುಟ್ಟಂತಾಗುವುದನ್ನು ಯಾರೂ ಕೈಕಟ್ಟಿ ನೋಡಲಾರರು. ಆದರೆ ಬೆಳೆಯ ಹುಳುವನ್ನು ಕೊಲ್ಲುವ ಔಷಧಿ ನೀರಿನ ಹುಳುವನ್ನು ಬಿಡುವುದಿಲ್ಲ.

ಜಪಾನಿನ ಶಿಮಾನೆ ಪ್ರಾಂತದಲ್ಲಿ ಶಿಂಜಿ ಎಂಬ ಸರೋವರವಿದೆ, ಸುತ್ತಲೂ ಭತ್ತದ ಗದ್ದೆ. 1993ರ ಸುಮಾರಿಗೆ ಅಲ್ಲಿ ನಿಯೋನಿಕೋಟಿನಾಯ್ಡ್ ಗುಂಪಿನ ಕೀಟನಾಶಕದ ಬಳಕೆ ಶುರುವಾಯಿತು. ನಮ್ಮಲ್ಲಿ ಇಮಿಡಾಕ್ಲೋಪ್ರಿಡ್ ಎಂದು ಡಬ್ಬಿಯ ಮೇಲೆ ಓದುತ್ತೇವಲ್ಲ, ಅದು ಈ ಗುಂಪಿನದೇ. ಸರೋವರದ ಸಣ್ಣ ಜೀವಿಗಳು ಕುಸಿದವು, ಅವನ್ನು ತಿಂದು ಬದುಕುವ ವಾಕಸಾಗಿ ಎಂಬ ಮೀನಿನ ವಾರ್ಷಿಕ ಇಳುವರಿ 240 ಟನ್ನಿನಿಂದ 22 ಟನ್ನಿಗೆ ಇಳಿಯಿತು. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಈ ಎರಡನ್ನೂ ಜೋಡಿಸಿ ತೋರಿಸಿತು. ಔಷಧಿ ಮೀನನ್ನು ನೇರವಾಗಿ ಕೊಲ್ಲಬೇಕಿಲ್ಲ, ಅದರ ಊಟವನ್ನು ಕೊಂದರೆ ಸಾಕು. ಬೆಂಡಿನ ತುದಿಯನ್ನೇ ದಿಟ್ಟಿಸಿ ಕೂರುವವರಿಗೆ ಇದು ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಸಂಜೆಯ ಹೊತ್ತು ನೀರಿನ ಮೇಲೆ ಹುಳು ಹಾರಾಡದಿದ್ದರೆ, ಬೆಳ್ಳಿಮೀನಿನ ಚಟಪಟ ಕೇಳದಿದ್ದರೆ, ಪ್ರಯೋಗಾಲಯದ ವರದಿಗಿಂತ ಮುಂಚೆ ಅದನ್ನು ಹೇಳಬಲ್ಲವರು ಇವರು. ನೀರಾವರಿ, ಕೃಷಿ, ಮೀನುಗಾರಿಕೆ ಇಲಾಖೆಗಳು ಕೇಳಬೇಕಾದದ್ದು ಇಂಥವರನ್ನು.

ಹಳ್ಳದ ಮಡುವಿಗೆ ಬ್ಲೀಚಿಂಗ್ ಪುಡಿ ಸುರಿದು, ಮದ್ದು ಸಿಡಿಸಿ, ಕರೆಂಟು ಹರಿಸಿ ಒಂದೇ ಸಲಕ್ಕೆ ಮೀನು ಬಾಚುವವರೂ ಅಲ್ಲಲ್ಲಿ ಇದ್ದಾರೆ. ಮದ್ದು ಸಿಡಿಸುವುದನ್ನೂ ವಿಷ ಹಾಕುವುದನ್ನೂ 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದಿದೆ. ವಿಷ ಬಿದ್ದ ಮಡುವಿನಲ್ಲಿ ಮರಿ, ಮೊಟ್ಟೆ, ಹುಳು, ಸೀಗಡಿ ಎಲ್ಲವೂ ಹೋಗುತ್ತವೆ. ಮುಂದಿನ ಮಳೆಗೆ ಹಳ್ಳ ಹತ್ತಿ ಬರಬೇಕಾದ ಮೀನಿನ ಬೀಜ ಆ ಮಡುವಿನಲ್ಲೇ ಇರುವುದರಿಂದ ಇದನ್ನು ಕಂಡವರು ಸುಮ್ಮನಿರಬಾರದು, ಪಂಚಾಯಿತಿಗೋ ಪೊಲೀಸರಿಗೋ ತಿಳಿಸಬೇಕು.

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ರೈತಬಾಂಧವರಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಜಿಗಿಹುಳು ಕಂಡ ಮೇಲೆ ಮಾತ್ರ ಔಷಧಿ ಹೊಡೆಯಿರಿ, ಹಳ್ಳದ ಅಂಚಿನ ನಾಲ್ಕು ಸಾಲು ಬಿಟ್ಟು ಹೊಡೆಯಿರಿ. ಖಾಲಿ ಡಬ್ಬಿಯನ್ನು ಕಾಲುವೆಗೆ ಎಸೆಯಬೇಡಿ. ಸ್ಪ್ರೇ ಪಂಪನ್ನು ನಾಲೆಯಲ್ಲಿ ತೊಳೆಯಬೇಡಿ, ಕೊಡದಲ್ಲಿ ನೀರು ತಂದು ಹೊಲದಲ್ಲೇ ತೊಳೆದು ಆ ನೀರನ್ನು ಅಲ್ಲೇ ಚೆಲ್ಲಿರಿ.