ತೋಟದ ನೆಟ್‌ವರ್ಕ್ ಸ್ವಿಚ್: ದೂರದಿಂದಲೇ ನೋಡಿ, ಬೀಗ ಮಾತ್ರ ಭದ್ರವಾಗಿರಲಿ

ಈಗ ಎಷ್ಟೋ ತೋಟಗಳಲ್ಲಿ ಪಂಪ್‌ಹೌಸ್‌ಗೊಂದು ಕ್ಯಾಮೆರಾ, ಕೊಟ್ಟಿಗೆಗೊಂದು ಕ್ಯಾಮೆರಾ, ಪಾಲಿಹೌಸ್‌ನಲ್ಲಿ ಸೆನ್ಸರ್, ಮನೆಯಲ್ಲಿ ವೈಫೈ ಇವೆ. ಎಲ್ಲ ಸರಿಯಿದ್ದಾಗ ಮೊಬೈಲ್‌ನಲ್ಲೇ ತೋಟ ನೋಡಬಹುದು. ನೀವು ಮಾರ್ಕೆಟ್‌ನಲ್ಲಿದ್ದಾಗ ಪಂಪ್‌ಹೌಸ್ ಕ್ಯಾಮೆರಾ "ಆಫ್‌ಲೈನ್" ಅಂತ ಬಂದರೆ? ಕರೆಂಟ್ ಹೋಯ್ತಾ, ಇಲಿ ಕೇಬಲ್ ಕಡೀತಾ, ಕ್ಯಾಮೆರಾ ಹ್ಯಾಂಗ್ ಆಯ್ತಾ, ಇಲ್ಲಾ ಯಾರಾದ್ರೂ ಕಿತ್ತುಕೊಂಡು ಹೋದರಾ? ಕ್ಯಾಮೆರಾ ಆ್ಯಪ್ ಇದನ್ನು ಹೇಳಲ್ಲ. ಆ ಕೇಬಲ್‌ಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ ಹೇಳುತ್ತದೆ. ಅದನ್ನು ಮೊದಲೇ ಸರಿಯಾಗಿ ಹೊಂದಿಸಿಟ್ಟಿರಬೇಕು, ಅಷ್ಟೇ.

ಯಾವ ಸ್ವಿಚ್ ಬೇಕು?

ಸಾಧಾರಣ ಸ್ವಿಚ್‌ಗೆ ಕೇಬಲ್ ಚುಚ್ಚಿದರೆ ಕೆಲಸ ಶುರು, ಆದರೆ ದೂರದಿಂದ ಅದನ್ನು ಏನೂ ಕೇಳಲಾಗದು. ನಮಗೆ ಬೇಕಾದ್ದು "ಮ್ಯಾನೇಜ್ಡ್" ಅಥವಾ "ಸ್ಮಾರ್ಟ್" ಸ್ವಿಚ್, ಅದರಲ್ಲೂ ಪಿಒಇ ಇರುವಂಥದ್ದು. ಪಿಒಇ ಅಂದರೆ ಡೇಟಾ ಹೋಗುವ ಕೇಬಲ್‌ನಲ್ಲೇ ಕ್ಯಾಮೆರಾಗೆ ಕರೆಂಟ್ ಕೂಡ ಹೋಗುವ ವ್ಯವಸ್ಥೆ. ಹಳೆಯ ಮಾನದಂಡದಲ್ಲಿ ಒಂದು ಪೋರ್ಟ್ 15.4 ವ್ಯಾಟ್‌ವರೆಗೆ, ನಂತರದ ಪಿಒಇ ಪ್ಲಸ್‌ನಲ್ಲಿ 30 ವ್ಯಾಟ್‌ವರೆಗೆ ಕೊಡುತ್ತದೆ. ಕೊಳ್ಳುವಾಗ ಒಂದು ಪೋರ್ಟಿನ ಲೆಕ್ಕ ಮಾತ್ರ ನೋಡಬೇಡಿ, ಇಡೀ ಸ್ವಿಚ್ ಒಟ್ಟು ಎಷ್ಟು ವ್ಯಾಟ್ ಕೊಡುತ್ತದೆ ಅಂತಲೂ ಕೇಳಿ.

ತಾಮ್ರದ ಈಥರ್ನೆಟ್ ಕೇಬಲ್ 100 ಮೀಟರ್‌ವರೆಗೆ ಮಾತ್ರ. ಅದಕ್ಕಿಂತ ದೂರ ಇದ್ದರೆ, ಅಥವಾ ಬಯಲಲ್ಲಿ ಎಳೆಯಬೇಕಿದ್ದರೆ, ಫೈಬರ್ ಹಾಕಿ. ಗಾಜಿನ ಎಳೆಯಲ್ಲಿ ಸಿಡಿಲಿನ ವಿದ್ಯುತ್ ಹರಿಯಲ್ಲ. ಫೈಬರ್‌ಗೆ ಬಲ ಕೊಡಲು ಲೋಹದ ತಂತಿ ಇಲ್ಲದ ಬಗೆಯನ್ನೇ ಕೇಳಿ ತನ್ನಿ. ಸ್ವಿಚ್, ರೂಟರ್ ಎರಡನ್ನೂ ಯುಪಿಎಸ್‌ಗೆ ಸೇರಿಸಿ.

ಮೊದಲ ದಿನವೇ ಮಾಡಬೇಕಾದ್ದು

ಲ್ಯಾಪ್‌ಟಾಪನ್ನು ಸ್ವಿಚ್‌ಗೆ ಜೋಡಿಸಿ, ಬ್ರೌಸರ್‌ನಲ್ಲಿ ಅದರ ಪುಟ ತೆರೆಯಿರಿ. ಇದೇ ಕ್ರಮದಲ್ಲಿ ಮಾಡಿಕೊಂಡು ಹೋಗಿ:

1. ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸಿ. ಫೋನ್ ನಂಬರ್, ಊರಿನ ಹೆಸರು ಬೇಡ. ಉದ್ದದ್ದು ಇಡಿ.

2. ಫರ್ಮ್‌ವೇರ್ ಹಳೆಯದಾಗಿದ್ದರೆ ಕಂಪನಿಯ ತಾಣದಿಂದಲೇ ತಂದು ಅಪ್‌ಡೇಟ್ ಮಾಡಿ. ಆ ಹೊತ್ತಿನಲ್ಲಿ ಕರೆಂಟ್ ಹೋಗಬಾರದು.

3. ಸ್ವಿಚ್‌ಗೆ ಬದಲಾಗದ ಐಪಿ ವಿಳಾಸ ಕೊಡಿ. ಉದಾಹರಣೆಗೆ, ರೂಟರ್ 192.168.10.1 ಇದ್ದರೆ ಸ್ವಿಚ್‌ಗೆ 192.168.10.2. ರೂಟರ್ ತಾನಾಗಿ ಹಂಚುವ ವಿಳಾಸಗಳ ಸಾಲಿನಿಂದ ಇದು ಹೊರಗಿರಲಿ. ಗೇಟ್‌ವೇ ಜಾಗದಲ್ಲಿ ರೂಟರ್ ವಿಳಾಸ ಹಾಕಿ.

4. ಸಮಯ ತಾನಾಗಿ ಹೊಂದುವ ಎನ್‌ಟಿಪಿ ಆನ್ ಮಾಡಿ, ವಲಯ +5:30 ಇಡಿ. ಗಡಿಯಾರ ತಪ್ಪಿದ್ದರೆ "ಕ್ಯಾಮೆರಾ ಎಷ್ಟು ಗಂಟೆಗೆ ಹೋಯ್ತು" ಅನ್ನೋದಕ್ಕೆ ಅರ್ಥವೇ ಇರಲ್ಲ.

5. ಟೆಲ್ನೆಟ್, ಎಚ್‌ಟಿಟಿಪಿ ಎರಡನ್ನೂ ಮುಚ್ಚಿ. ಇವುಗಳಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟ ಪತ್ರದ ಹಾಗೆ ಸಾಗುತ್ತದೆ. ಎಸ್‌ಎಸ್‌ಎಚ್, ಎಚ್‌ಟಿಟಿಪಿಎಸ್ ಮಾತ್ರ ಇರಲಿ.

6. ಪ್ರತಿ ಪೋರ್ಟ್‌ಗೂ ಹೆಸರು ಬರೆಯಿರಿ: "ಪಂಪ್‌ಹೌಸ್", "ಕೊಟ್ಟಿಗೆ", "ಗೇಟ್". ನೀವಿಲ್ಲದಾಗ ತಮ್ಮನೋ ತಂಗಿಯೋ ನೋಡಿದರೂ ಗೊತ್ತಾಗಬೇಕು.

7. ಕೊನೆಗೆ "ಸೇವ್" ಒತ್ತಿ. ಎಷ್ಟೋ ಸ್ವಿಚ್‌ಗಳಲ್ಲಿ "ಅಪ್ಲೈ" ಒತ್ತಿದರೆ ಬದಲಾವಣೆ ಜಾರಿಗೆ ಬರುತ್ತದೆ, ಆದರೆ ಉಳಿಯಲ್ಲ. ಕರೆಂಟ್ ಹೋಗಿ ಬಂದರೆ ಎಲ್ಲ ಅಳಿಸಿಹೋಗಿರುತ್ತದೆ. ಸೇವ್ ಮಾಡಿ, ಒಮ್ಮೆ ಸ್ವಿಚ್ ಆಫ್ ಮಾಡಿ ಆನ್ ಮಾಡಿ ನೋಡಿ. ಸೆಟ್ಟಿಂಗ್ ಫೈಲ್‌ನ ಒಂದು ಪ್ರತಿಯನ್ನು ಬೇರೆ ಕಡೆ ಜೋಪಾನವಾಗಿಡಿ.

ಬದು ಹಾಕಿ, ತಾಕು ಮಾಡಿ

ಒಂದೇ ಜಮೀನಿನಲ್ಲಿ ಬದು ಹಾಕಿ ತಾಕು ಬೇರೆ ಮಾಡುತ್ತೇವಲ್ಲ, ಸ್ವಿಚ್‌ನಲ್ಲಿ ಆ ಕೆಲಸ ಮಾಡೋದು ವಿಲ್ಯಾನ್. ಕ್ಯಾಮೆರಾಗಳು ಒಂದು ತಾಕು, ಮನೆಯ ಫೋನ್‌ಗಳು ಇನ್ನೊಂದು, ಸ್ವಿಚ್ ನಿರ್ವಹಣೆಗೆ ಮೂರನೆಯದು. ಆಗ ಕ್ಯಾಮೆರಾ ಒಂದು ಕೆಟ್ಟವರ ಕೈಗೆ ಸಿಕ್ಕರೂ ಅಲ್ಲಿಂದ ಸ್ವಿಚ್‌ನ ಒಳಗೆ ಬರೋದು ಕಷ್ಟ. ಇದಕ್ಕೆ ರೂಟರ್ ಕೂಡ ವಿಲ್ಯಾನ್ ಅರ್ಥಮಾಡಿಕೊಳ್ಳುವಂಥದ್ದಾಗಿರಬೇಕು, ಒಂದು ತಾಕಿನಿಂದ ಇನ್ನೊಂದಕ್ಕೆ ಯಾರು ಹೋಗಬಹುದು ಅನ್ನೋ ನಿಯಮವನ್ನು ಅದರಲ್ಲೇ ಬರೆಯಬೇಕು. ಈ ಕೆಲಸ ಸ್ವಿಚ್ ಪಕ್ಕದಲ್ಲೇ ಕೂತು ಮಾಡಿ. ದೂರದಿಂದ ಮಾಡಲು ಹೋದರೆ ನಿಮ್ಮ ದಾರಿಯನ್ನೇ ನೀವು ಮುಚ್ಚಿಕೊಳ್ಳುವ ಅಪಾಯ ಇದೆ.

ಹೊರಗಿನಿಂದ ಒಳಗೆ ಬರೋ ದಾರಿ

ಇಲ್ಲೇ ಎಚ್ಚರ ಬೇಕಾದ್ದು. "ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿಬಿಡಿ, ಎಲ್ಲಿಂದ ಬೇಕಾದರೂ ತೆರೆಯಬಹುದು" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಿಮಗೆ ತೆರೆಯುವ ಬಾಗಿಲು ಇಡೀ ಜಗತ್ತಿಗೂ ತೆರೆಯುತ್ತದೆ. 2016ರಲ್ಲಿ ಮಿರಾಯ್ ಅನ್ನೋ ಕುತಂತ್ರಾಂಶ ಹಬ್ಬಿದ್ದೇ ಹೀಗೆ. ಕಂಪನಿಯ ಪಾಸ್‌ವರ್ಡ್ ಬದಲಿಸದೆ ಬಿಟ್ಟಿದ್ದ ಕ್ಯಾಮೆರಾ, ರೂಟರ್‌ಗಳಿಗೆ ಸುಮಾರು 60 ಸಾಮಾನ್ಯ ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡುತ್ತಾ ಒಳನುಗ್ಗಿತು. ಆ ಅಕ್ಟೋಬರ್‌ನಲ್ಲಿ ಅದರ ದಾಳಿಯಿಂದ ಅಮೆರಿಕದಲ್ಲಿ ದೊಡ್ಡ ದೊಡ್ಡ ಜಾಲತಾಣಗಳೇ ಗಂಟೆಗಟ್ಟಲೆ ಸಿಗದೇ ಹೋದವು. ನಮ್ಮ ತೋಟದ ಕ್ಯಾಮೆರಾ ಯಾರಿಗೆ ಬೇಕು ಅನ್ನೋ ಹಾಗಿಲ್ಲ. ಹುಡುಕೋದು ಮನುಷ್ಯರಲ್ಲ, ಯಂತ್ರ.

ಅದೂ ಅಲ್ಲದೆ ಸಿಮ್ ಹಾಕಿದ 4ಜಿ ರೂಟರ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಹೊರ ವಿಳಾಸವನ್ನು ಅನೇಕ ಗ್ರಾಹಕರು ಹಂಚಿಕೊಂಡಿರುತ್ತಾರೆ. ಅಲ್ಲಿ ಪೋರ್ಟ್ ಫಾರ್ವರ್ಡಿಂಗ್ ಕೆಲಸವನ್ನೇ ಮಾಡಲ್ಲ.

ಸರಿಯಾದ ದಾರಿ ಎರಡು. ಒಂದು, ಸ್ವಿಚ್ ಕಂಪನಿಯ ಕ್ಲೌಡ್ ಆ್ಯಪ್. ಸ್ವಿಚ್ ತಾನೇ ಹೊರಗೆ ಸಂಪರ್ಕ ಮಾಡುವುದರಿಂದ ಬಾಗಿಲು ತೆರೆದಿಡಬೇಕಿಲ್ಲ, ಸಿಮ್ ರೂಟರ್‌ನಲ್ಲೂ ನಡೆಯುತ್ತದೆ. ಆ ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಲೇಬೇಕು. ಎರಡು, ವಿಪಿಎನ್. ವೈರ್‌ಗಾರ್ಡ್ ಅಥವಾ ಅದರ ಮೇಲೆ ಕಟ್ಟಿದ ಟೇಲ್‌ಸ್ಕೇಲ್ ಬಳಸಿದರೆ, ನಿಮ್ಮ ಫೋನ್ ಎಲ್ಲಿದ್ದರೂ ತೋಟದ ನೆಟ್‌ವರ್ಕ್ ಒಳಗೇ ಇದ್ದ ಹಾಗೆ. ಟೇಲ್‌ಸ್ಕೇಲ್‌ಗೆ ತೋಟದಲ್ಲಿ ಸದಾ ಆನ್ ಇರುವ ಒಂದು ಸಣ್ಣ ಕಂಪ್ಯೂಟರ್ ಅಥವಾ ಅದಕ್ಕೆ ಹೊಂದುವ ರೂಟರ್ ಸಾಕು.

ಏನನ್ನು ನೋಡಬೇಕು?

ಒಳಗೆ ಹೋದ ಮೇಲೆ ಪೋರ್ಟಿನ ಎರಡು ಸಂಗತಿ ನೋಡಿ: ಲಿಂಕ್ ಇದೆಯಾ, ಎಷ್ಟು ವ್ಯಾಟ್ ಎಳೆಯುತ್ತಿದೆ.

ಲಿಂಕ್ ಇಲ್ಲ, ವ್ಯಾಟ್ ಸೊನ್ನೆ: ಕೇಬಲ್ ತುಂಡಾಗಿರಬಹುದು, ಅಥವಾ ಕ್ಯಾಮೆರಾವನ್ನೇ ಕಿತ್ತಿರಬಹುದು. ಯಾರನ್ನಾದರೂ ಕಳಿಸಿ.

ಲಿಂಕ್ ಇದೆ, ವ್ಯಾಟ್ ಇದೆ, ಚಿತ್ರ ಇಲ್ಲ: ಕ್ಯಾಮೆರಾ ಹ್ಯಾಂಗ್ ಆಗಿರುವ ಸಾಧ್ಯತೆ ಹೆಚ್ಚು. ಆ ಪೋರ್ಟ್‌ನ ಪಿಒಇ ಆಫ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಆನ್ ಮಾಡಿ. ತೋಟಕ್ಕೆ ಓಡೋದು ತಪ್ಪುತ್ತದೆ.

ಎರರ್ ಎಣಿಕೆ ದಿನೇ ದಿನೇ ಏರುತ್ತಿದೆ: ಕನೆಕ್ಟರ್‌ಗೆ ನೀರು ಹೋಗಿರಬಹುದು. ಪೂರ್ತಿ ಕೆಡುವ ಮೊದಲೇ ಸರಿಮಾಡಿ.

ರೂಟರ್‌ಗೆ ಹೋಗುವ ಪೋರ್ಟನ್ನು ಮಾತ್ರ ದೂರದಿಂದ ಆಫ್ ಮಾಡ್ಲೇಬೇಡಿ. ಮತ್ತೆ ಆನ್ ಮಾಡಲು ದಾರಿ ಇರಲ್ಲ.

ಹತ್ತಾರು ಉಪಕರಣ ಇದ್ದರೆ ಎಸ್‌ಎನ್‌ಎಂಪಿ ಮೂಲಕ ತಾನಾಗಿ ಲೆಕ್ಕ ತೆಗೆಯುವ ತಂತ್ರಾಂಶ ಹಾಕಬಹುದು. ಆಗ 3ನೇ ಆವೃತ್ತಿಯನ್ನೇ ಆರಿಸಿ, ಅದರಲ್ಲಿ ಪಾಸ್‌ವರ್ಡ್, ಗೂಢಲಿಪಿ ಎರಡೂ ಇವೆ. ಹಳೆಯ ಆವೃತ್ತಿಗಳು ಆನ್ ಇದ್ದರೆ ಮುಚ್ಚಿ, ಅವುಗಳಲ್ಲಿ "ಪಬ್ಲಿಕ್" ಅನ್ನೋ ಪದವೇ ಕೀಲಿಯಾಗಿರೋದು ಮಾಮೂಲು.

ಸುದ್ದಿ ಬರದಿದ್ದರೆ ಅದೇ ಸುದ್ದಿ

ತೋಟದ ಕರೆಂಟೋ ಇಂಟರ್ನೆಟ್ಟೋ ಪೂರ್ತಿ ಹೋದರೆ, ಒಳಗಿರುವ ಯಾವ ಯಂತ್ರವೂ ನಿಮಗೆ ಸಂದೇಶ ಕಳಿಸಲಾರದು. ಆದ್ದರಿಂದ ಎಚ್ಚರಿಕೆ ಹೊರಗಿನಿಂದ ಬರುವ ಹಾಗಿರಲಿ: ತೋಟದಿಂದ ಐದು ನಿಮಿಷಕ್ಕೊಮ್ಮೆ "ಇದ್ದೀನಿ" ಅನ್ನೋ ಸಂಕೇತ ಹೋಗಬೇಕು, ಅದು ನಿಂತರೆ ಹೊರಗಿನ ಸೇವೆ ನಿಮ್ಮ ಫೋನ್‌ಗೆ ತಿಳಿಸಬೇಕು. ಕ್ಲೌಡ್ ಆ್ಯಪ್‌ನಲ್ಲಿ "ಸಾಧನ ಆಫ್‌ಲೈನ್" ಎಚ್ಚರಿಕೆ ಇದ್ದರೆ ಅದನ್ನೇ ಆನ್ ಮಾಡಿಕೊಳ್ಳಿ.

ಮುಚ್ಚಿದ ಕೋಳಿ ಶೆಡ್ ಇರುವವರಿಗೆ ಒಂದು ಮಾತು. ಬೇಸಿಗೆಯಲ್ಲಿ ಫ್ಯಾನ್ ನಿಂತರೆ ಸ್ವಲ್ಪ ಹೊತ್ತಿನಲ್ಲೇ ಕೋಳಿಗಳ ಜೀವಕ್ಕೆ ಬರುತ್ತದೆ. ಅದನ್ನು ಇಂಟರ್ನೆಟ್ ಒಂದನ್ನೇ ನಂಬಿ ಬಿಡಬೇಡಿ. ಶೆಡ್‌ನಲ್ಲೇ ಕೂಗುವ ಬ್ಯಾಟರಿ ಸೈರನ್ ಇರಲಿ, ಪಕ್ಕದಲ್ಲಿ ಜನರೇಟರ್ ಇರಲಿ. ಮೊಬೈಲ್ ಎಚ್ಚರಿಕೆ ಅದರ ಮೇಲಿನ ಇನ್ನೊಂದು ಕಾವಲು.

ಈ ವಾರ ಅರ್ಧ ದಿನ ಬಿಡುವು ಮಾಡಿಕೊಂಡು ಪರೀಕ್ಷೆ ಮಾಡಿ ನೋಡಿ. ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಸ್ವಿಚ್ ತೆರೆಯಿರಿ, ಮನೆಯವರಿಗೆ ಒಂದು ಕೇಬಲ್ ಕೀಳಲು ಹೇಳಿ. ಯಾವುದು ಕಿತ್ತರು ಅಂತ ಅವರನ್ನು ಕೇಳದೆ ನೀವೇ ಹೇಳಬಲ್ಲಿರಾದರೆ ನಿಮ್ಮ ಕೆಲಸ ಸರಿಯಾಗಿದೆ.